ಮನೆಗೆ ಯಾವ ಗಣಕಯಂತ್ರ?

ಪರಿಚಿತ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು, “ಗುರುಗಳೇ, ಒಂದೇ ಗಣಕಯಂತ್ರ ಕೊಳ್ಳುವ ಶಕ್ತಿಯಿದೆ. ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ?” ಎಂದು ಕೇಳಿದರು. ಅವರ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಮಗಳು ಇಂಜಿನಿಯರಿಂಗ್ ಓದಲು ವಸತಿನಿಲಯಕ್ಕೆ ಹೊರಟಿದ್ದಾಳೆ.

ಮನೆಯಲ್ಲಿಯೇ ಇರುವ ಯಂತ್ರವಾದರೆ ಡೆಸ್ಕ್‌ಟಾಪೇ ಮೇಲೆಂಬುದು ನಮ್ಮ ಮತ. ಕೊಟ್ಟ ಹಣಕ್ಕೆ ಹೆಚ್ಚು ಸಾಮರ್ಥ್ಯ ದೊರೆಯುತ್ತದೆ. ಕೀಲಿಮಣೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು, ಮೆಮೊರಿ ಸಾಲದಿದ್ದರೆ ಸೇರಿಸಬಹುದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಯೇ ಕೂಡಿಸಿರುತ್ತಾರೆ. ಪರದೆಯನ್ನು ಕಣ್ಣಿನ ಮಟ್ಟಕ್ಕಿಟ್ಟರೆ ಕತ್ತು ಬಾಗದು. ಪಡಸಾಲೆಯಲ್ಲಿದ್ದರೆ ಹಿರಿಯರ ದೃಷ್ಟಿಯೂ ಇರುತ್ತದೆ. ಆದರೆ ಯು.ಪಿ.ಎಸ್. ಇಲ್ಲದಿದ್ದರೆ ವಿದ್ಯುತ್ತು ಹೋದ ಕ್ಷಣವೇ ಯಂತ್ರ ಆರಿಹೋಗುತ್ತದೆ. ಹಿಂದೊಮ್ಮೆ ಒಂದು ಮನೆಯವರಿಗೆ ಇದನ್ನು ಹೇಳಲು ನಾವು ಮರೆತೆವು. ಅಲ್ಲಿನ ಬಾಲಕಿ ಸಂಜೆಯೆಲ್ಲ ಬರೆದಿದ್ದ ಪ್ರಬಂಧ ಉಳಿಯಲಿಲ್ಲ.

“ಹಾಗಾದರೆ ಡೆಸ್ಕ್‌ಟಾಪೇ ಇರಲಿ, ಮಗನಿಗಾಯಿತು. ಮಗಳು ಗೆಳತಿಯರದರಲ್ಲಿ ಹೇಗೋ ಮಾಡಿಕೊಂಡಾಳು” ಎಂದರು. ಇದನ್ನು ನಾವು ಒಪ್ಪಲಿಲ್ಲ. ದಿನದಿನವೂ ಯಂತ್ರದ ಮೇಲೆ ಅಭ್ಯಾಸ ಮಾಡಬೇಕಾದವಳು ಅವಳು. ಅದನ್ನು ಹೊತ್ತೊಯ್ಯಬೇಕಾದವಳೂ ಅವಳೇ. ಈ ಸಲ ಲ್ಯಾಪ್‌ಟಾಪು ಅವಳ ಕೈಗೇ ಹೋಗಲಿ, ರಜೆಗೆ ಬಂದಾಗ ತಮ್ಮನಿಗೂ ಕಲಿಸಲಿ ಎಂದೆವು. ಗೃಹಸ್ಥರು ಬಹಳ ಹೊತ್ತು ಸುಮ್ಮನಿದ್ದರು. ಹೊರಡುವಾಗ, ಮಗಳನ್ನೇ ಒಂದು ಮಾತು ಕೇಳುವೆನೆಂದರು.