ಸವೆದ ಮಾತೇ ದೂರ ಸಾಗಿತು

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯ ಕಡೆ ಕಬ್ಬು ಬೆಳೆಯುವವರ ಮಕ್ಕಳು ಶಾಲೆಯಲ್ಲಿ ‘ಶುಗರ್’ ಇಂಗ್ಲಿಷ್ ಪದವೆಂದೂ ‘ಸಕ್ಕರೆ’ ಸಂಸ್ಕೃತದ ‘ಶರ್ಕರಾ’ ಕೆಟ್ಟು ಆದ ರೂಪವೆಂದೂ ಕಲಿಯುವುದುಂಟು. ನನ್ನ ದೃಷ್ಟಿಯಲ್ಲಿ ಇವೆರಡೂ ಅರ್ಧಸತ್ಯಗಳು.

ಶರ್ಕರಾ ಎಂದರೆ ಮೊದಲಿಗೆ ಹರಳು, ನುರುಜುಗಲ್ಲು. ಕಬ್ಬಿನ ಹಾಲು ಕುದಿದು ಹರಳುಗಟ್ಟಿದಾಗ ಆ ಹೆಸರು ಅದಕ್ಕೂ ಸಂದಿತು. ಪ್ರಾಕೃತದಲ್ಲಿ ಅದು ‘ಸಕ್ಕರ’ವಾಯಿತು, ನಮ್ಮ ಸಕ್ಕರೆ ಬಂದದ್ದು ಈ ದಾರಿಯಲ್ಲಿ. ಗ್ರೀಕರ ‘ಸಾಖರೋನ್’ ಹೋಲುವುದೂ ಈ ಪ್ರಾಕೃತ ರೂಪವನ್ನೇ. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್ ಹೆಸರಿನಲ್ಲಿ ಇಂದಿಗೂ ಅದು ಉಳಿದಿದೆ. ಇನ್ನೊಂದು ಕವಲು ಪರ್ಷಿಯನ್ನರಲ್ಲಿ ‘ಶಕರ್’, ಅರಬ್ಬರಲ್ಲಿ ‘ಸುಕ್ಕರ್’ ಎನಿಸಿತು. ಅರಬ್ಬರು ಕಬ್ಬನ್ನು ಸಿಸಿಲಿ, ಸ್ಪೇನ್‌ಗಳಿಗೆ ಒಯ್ದಾಗ ಪದವೂ ಯುರೋಪನ್ನು ಹೊಕ್ಕಿತು. ಮಧ್ಯಯುಗದ ಲ್ಯಾಟಿನ್ ಮತ್ತು ಹಳೆಯ ಫ್ರೆಂಚ್ ದಾಟಿ ಇಂಗ್ಲಿಷನ್ನು ಸೇರಿತು. ಶುಗರಿನ ‘ಶ’ಕಾರ ಶರ್ಕರಾದ ಉಳಿಕೆಯೆಂದು ನಾವು ಹಿಗ್ಗಬೇಕಿಲ್ಲ. ಫ್ರೆಂಚಿನಿಂದ ಬಂದದ್ದು ‘ಸ’ಕಾರವೇ, ಅದು ‘ಶ’ ಆದದ್ದು, ‘ಶ್ಯೂರ್’ ಪದದಲ್ಲಿ ಆದಂತೆ, ತರುವಾಯ ಇಂಗ್ಲಿಷರ ನಾಲಗೆಯಲ್ಲಿ.

ಅಂದಮೇಲೆ ಶುಗರ್ ಕೂಡ ತದ್ಭವವೇ, ನಮ್ಮ ಸಕ್ಕರೆಗಿಂತ ಹೆಚ್ಚು ನಾಲಗೆಗಳಲ್ಲಿ ಸವೆದ ತದ್ಭವ. ಅದನ್ನು ಸೊಗಸೆಂದೂ ಸಕ್ಕರೆಯನ್ನು ವಿಕಾರವೆಂದೂ ಬಗೆಯುವುದು ಯಾವ ನ್ಯಾಯ? 13ನೇ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಅವನು ಅವುಗಳಲ್ಲಿ ನಿಯಮವನ್ನು ಕಂಡ. ನಾವು ತಪ್ಪನ್ನು ಮಾತ್ರ ಕಾಣುತ್ತೇವೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಮಂಡ್ಯದ ಹುಡುಗ ನಗರದ ತರಗತಿಯಲ್ಲಿ ‘ಹಾಲು’ ಎನ್ನಲು ‘ಆಲು’ ಎಂದರೆ ನಗೆಯೇಳುತ್ತದೆ. ನಗುವವರ ‘ಹಾಲು’ ಆದರೂ ಹಳಗನ್ನಡದ ‘ಪಾಲ್’ ಸವೆದು ಆದದ್ದೇ! ಪಕಾರ ಹಕಾರವಾದದ್ದು ಭಾಷೆಯ ಬೆಳವಣಿಗೆ, ಆ ಹಕಾರ ಬಿದ್ದುಹೋದರೆ ಮಾತ್ರ ಅನಾಗರಿಕತೆ ಎಂಬ ತರ್ಕಕ್ಕೆ ವ್ಯಾಕರಣದ ಬೆಂಬಲವಿಲ್ಲ. ಅದರ ಹಿಂದಿರುವುದು ಅಂತಸ್ತಿನ ಅಹಂಕಾರ. ಆ ನಗೆಗೆ ಅಂಜಿ ಎಷ್ಟು ಮಕ್ಕಳು ಬಾಯಿ ಕಟ್ಟಿಕೊಂಡು ಕುಳಿತಿರಬಹುದು?

ಬರವಣಿಗೆಗೆ ಶಿಷ್ಟರೂಪ ಬೇಕು, ಕಲಿಸೋಣ. ಆದರೆ ಮನೆಮಾತನ್ನು ಹೀಗಳೆಯದೆ ಕಲಿಸೋಣ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡ ನೆಲವಿದು. ಇಲ್ಲಿನ ಶಾಲೆಗಳಲ್ಲಿ ‘ಸಕ್ಕರೆ’ಯ ಈ ಪಯಣವೇ ಭಾಷೆಯ ಮೊದಲ ಪಾಠವಾಗಲಿ.