ಲೈವ್‌ನಲ್ಲಿ ತಡವರಿಸುವವರ ಕಿವಿಯೊಳಗೆ ಏನು ಕೇಳುತ್ತಿರುತ್ತದೆ?

ಟಿವಿಯಲ್ಲಿ ಲೈವ್ ನೋಡುವಾಗ ನೀವೂ ಗಮನಿಸಿರುತ್ತೀರಿ. ಸ್ಟುಡಿಯೋದಲ್ಲಿ ಕೂತ ಆ್ಯಂಕರ್ ಪ್ರಶ್ನೆ ಕೇಳಿ ಮುಗಿಸಿರುತ್ತಾರೆ. ಸ್ಥಳದಲ್ಲಿರುವ ವರದಿಗಾರ ಮಾತ್ರ ಕಿವಿಗೆ ಬೆರಳೊತ್ತಿಕೊಂಡು ಸುಮ್ಮನೆ ತಲೆಯಾಡಿಸುತ್ತಿರುತ್ತಾನೆ. ‘ಇವನಿಗೆ ಕಿವಿ ಕೇಳ್ಸಲ್ವೇನೋ’ ಎಂದು ಅರಳಿಕಟ್ಟೆಯಲ್ಲಿ ನಗುತ್ತಾರೆ. ಇನ್ನು ರೈತರೊಬ್ಬರು ಲೈವ್‌ನಲ್ಲಿ ತಡವರಿಸಿದರಂತೂ ಆ ತುಣುಕು ವಾಟ್ಸಾಪ್‌ನಲ್ಲಿ ಊರೂರು ಸುತ್ತುತ್ತದೆ. ಜಿಲ್ಲಾ ಸ್ಟ್ರಿಂಗರ್‌ಗಳಾದ ನಮ್ಮ ಮಾತು ಇಷ್ಟೆ: ಹೀಗೆ ತಡವರಿಸುವುದರಲ್ಲಿ ಬಹುಪಾಲು ನಾಲಿಗೆಯ ತಪ್ಪಲ್ಲ, ಕಿವಿಗೆ ಕಳಿಸುವ ಸದ್ದಿನ ತಪ್ಪು. ಅದನ್ನು ಸರಿಪಡಿಸುವುದು ಚಾನೆಲ್‌ಗಳ ಕೈಯಲ್ಲೇ ಇದೆ.

ಯಲಹಂಕದ ವಾಯುನೆಲೆಯನ್ನೇ ತೆಗೆದುಕೊಳ್ಳೋಣ. 1996ರಿಂದ ಅಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ತಲೆ ಮೇಲೆ ಯುದ್ಧವಿಮಾನದ ಅಬ್ಬರ, ಸುತ್ತ ಜನಜಂಗುಳಿ. ಅಂಥ ಕಡೆ ನಿಂತ ವರದಿಗಾರನ ಕಿವಿಯ ಇಯರ್‌ಪೀಸ್‌ಗೆ ಎರಡು ಸದ್ದು ಬರುತ್ತವೆ. ಒಂದು, ಟಿವಿಯಲ್ಲಿ ಹೋಗುತ್ತಿರುವ ಕಾರ್ಯಕ್ರಮದ್ದು. ಇನ್ನೊಂದು, ಸ್ಟುಡಿಯೋ ಹಿಂದಿನ ಕಂಟ್ರೋಲ್ ರೂಮಿನಲ್ಲಿ, ಅಂದರೆ ಪಿಸಿಆರ್‌ನಲ್ಲಿ ಕೂತ ಪ್ರೊಡ್ಯೂಸರ್‌ದು. ಅವರು ಗುಂಡಿ ಒತ್ತಿದರೆ ಕಾರ್ಯಕ್ರಮದ ಸದ್ದು ತಗ್ಗುತ್ತದೆ ಅಥವಾ ನಿಲ್ಲುತ್ತದೆ, ಅವರ ದನಿ ಕೇಳುತ್ತದೆ. ಗುಂಡಿ ಬಿಟ್ಟರೆ ಕಾರ್ಯಕ್ರಮ ಮರಳುತ್ತದೆ. ಟಿವಿಯವರು ಇದಕ್ಕೆ ಐಎಫ್‌ಬಿ ಅನ್ನುತ್ತಾರೆ. ಇದು ವೀಕ್ಷಕರಿಗೆ ಕೇಳುವುದಿಲ್ಲ.

ಇದರಲ್ಲಿ ಒಂದು ಮುಖ್ಯ ಗುಟ್ಟಿದೆ. ವರದಿಗಾರನಿಗೆ ಕಳಿಸುವ ಸದ್ದಿನಲ್ಲಿ ಎಲ್ಲರ ಮಾತೂ ಇರಬೇಕು, ಅವನದೇ ಮಾತು ಮಾತ್ರ ಇರಬಾರದು. ಇದಕ್ಕೆ ಮಿಕ್ಸ್ ಮೈನಸ್ ಎಂದು ಹೆಸರು. ಯಾಕೆ ಹೀಗೆ? ಅವನ ಮಾತು ಸ್ಟುಡಿಯೋಗೆ ಹೋಗಿ ಬರಲು ಹೊತ್ತು ಹಿಡಿಯುತ್ತದೆ. ಡಿಶ್ ಹೊತ್ತ ಓಬಿ ವ್ಯಾನಾದರೆ ಸಿಗ್ನಲ್ ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಏರಿ ಇಳಿಯಬೇಕು. ಅದಕ್ಕೇ ಕಾಲು ಸೆಕೆಂಡ್ ಬೇಕು. ಹಲವು ಸಿಮ್ ಹಾಕಿ ಬೆನ್ನಿಗೆ ಹೊರುವ ಬ್ಯಾಕ್‌ಪ್ಯಾಕ್ ಆದರೆ ಒಂದೆರಡು ಸೆಕೆಂಡೇ ಆಗಬಹುದು. ವರದಿಗಾರ ತಲೆಯಾಡಿಸುತ್ತಾ ನಿಲ್ಲುವುದು ಇದಕ್ಕೇ. ಪ್ರಶ್ನೆ ಇನ್ನೂ ಅವನ ಕಿವಿಗೆ ಮುಟ್ಟಿರುವುದಿಲ್ಲ.

ಆಡಿದ ಮಾತು ಹೀಗೆ ತಡವಾಗಿ ಆಡಿದವನ ಕಿವಿಗೇ ಬಂದರೆ ನಾಲಿಗೆ ತೊಡರುತ್ತದೆ. ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೂ ಸಾಕು, ಒಳ್ಳೆಯ ಭಾಷಣಕಾರರೂ ತೊದಲುತ್ತಾರೆ. ವಿಜ್ಞಾನಿಗಳು ಇದನ್ನು 1950ರ ಸುಮಾರಿನಲ್ಲೇ ಕಂಡುಕೊಂಡಿದ್ದರು. ಹಾಗಿರುವಾಗ ಮೊದಲ ಸಲ ಟಿವಿಗೆ ಮಾತಾಡುವ ರೈತರನ್ನೋ ಆಶಾ ಕಾರ್ಯಕರ್ತೆಯನ್ನೋ ನೋಡಿ ನಗುವುದು ಯಾವ ನ್ಯಾಯ?

ಇನ್ನೊಂದು ವಿಷಯ, ಆ ಗುಂಡಿಯ ಬಳಕೆ. ‘ಮೂವತ್ತು ಸೆಕೆಂಡ್ ಇದೆ’, ‘ಬ್ರೇಕ್ ಬಂತು, ಮುಗಿಸಿ’, ‘ಅಲ್ಲಿಂದ ದೂರ ಸರಿಯಿರಿ’ ಎನ್ನಲು ಆ ಗುಂಡಿ ಇರುವುದು. ಆದರೆ ಮಾತಿನ ನಡುವೆ ‘ಇನ್ನೂ ಜೋರಾಗಿ ಹೇಳು’, ‘ಜನ ರೊಚ್ಚಿಗೆದ್ದಿದ್ದಾರೆ ಅನ್ನು’ ಎಂಬ ಅಪ್ಪಣೆಗಳೂ ಬರುತ್ತವೆ. ನಮ್ಮಲ್ಲಿ ಎಷ್ಟೋ ಮಂದಿ ಇದನ್ನು ಕೇಳಿಸಿಕೊಂಡವರೇ. ಕಣ್ಣು ಸ್ಥಳದಲ್ಲಿ, ಕಿವಿ ಬೆಂಗಳೂರಿನಲ್ಲಿ. 2019ರ ಫೆಬ್ರವರಿ 23ರಂದು ಏರೋ ಇಂಡಿಯಾ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಅಂಥ ಹೊತ್ತಿನಲ್ಲಿ ಹೊಗೆ ಎಷ್ಟಿದೆ, ಬೆಂಕಿ ಎತ್ತ ಸಾಗಿದೆ ಎಂದು ಗೊತ್ತಿರುವುದು ಎದುರಿಗೆ ನಿಂತವನಿಗೆ. ಎಸಿ ರೂಮಿನಲ್ಲಿ ಕೂತು ಗುಂಡಿ ಒತ್ತುವವರಿಗಲ್ಲ.

‘ಸ್ಪರ್ಧೆ ಇದೆ, ಪಿಸಿಆರ್ ಹಿಡಿತ ಬೇಕೇ ಬೇಕು’ ಎಂದು ಚಾನೆಲ್‌ನವರು ಹೇಳಬಹುದು. ಹಿಡಿತ ಬೇಡ ಎಂದು ನಾವೂ ಹೇಳುತ್ತಿಲ್ಲ. ಹೊತ್ತಿನ ಮೇಲೆ ಹಿಡಿತ ಇರಲಿ, ಸಂಗತಿಯ ಮೇಲೆ ಬೇಡ. ನಾವು ಕೇಳುವುದು ಮೂರೇ. ಲೈವ್‌ಗೆ ಬರುವ ಪ್ರತಿಯೊಬ್ಬರಿಗೂ ಅವರ ದನಿ ಕಳೆದ ಸದ್ದನ್ನು ಬೇರೆಯಾಗಿ ಕಳಿಸಿ. ಸ್ಟ್ರಿಂಗರ್ ಕೈಯಲ್ಲಿ ಬರೀ ಮೊಬೈಲ್ ಇದ್ದರೂ ಪಿಸಿಆರ್‌ಗೆ ತಿರುಗಿ ಮಾತಾಡಲು ಇನ್ನೊಂದು ಲೈನ್ ಕೊಡಿ. ಹಳ್ಳಿಯವರನ್ನು ಪ್ರಸಾರಕ್ಕೆ ಬಿಡುವ ಮುನ್ನ ಅರ್ಧ ನಿಮಿಷ ಮಾತಾಡಿಸಿ, ಎಕೋ ಇದೆಯಾ ಎಂದು ಕೇಳಿ.

ಓದುಗರಿಗೂ ಒಂದು ಮಾತು. ನಾಳೆ ಬೆಳೆನಷ್ಟದ ಬಗ್ಗೆಯೋ ಕುಡಿಯುವ ನೀರಿನ ಬಗ್ಗೆಯೋ ಚಾನೆಲ್‌ನವರು ನಿಮ್ಮನ್ನೇ ಲೈನಿಗೆ ತೆಗೆದುಕೊಳ್ಳಬಹುದು. ಮೊದಲು ಮನೆಯ ಟಿವಿ ಸದ್ದು ಪೂರ್ತಿ ನಿಲ್ಲಿಸಿ. ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ. ಪ್ರಶ್ನೆ ಪೂರ್ತಿ ಕೇಳಿಸುವ ತನಕ ಕಾಯಿರಿ, ಅವಸರ ಬೇಡ. ನಿಮ್ಮ ಮಾತು ನಿಮಗೇ ವಾಪಸ್ ಕೇಳಿದರೆ ‘ನನ್ನ ದನಿ ನನಗೇ ಬರ್ತಿದೆ, ಸರಿಮಾಡಿ’ ಎಂದು ಲೈವ್‌ನಲ್ಲೇ ಹೇಳಿ. ಅದಕ್ಕೆ ನಾಚಿಕೆ ಪಡಬೇಕಾದವರು ನೀವಲ್ಲ.