ಕಾರಿನ ಬಾಲಕ್ಕೊಂದು ಗೂಡು

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1896ರಲ್ಲಿ ಹುಟ್ಟಿದ ವಾಲಿ ಬಯಮ್ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದ. ಮಂದೆಯ ಹಿಂದೆ ಗುಡ್ಡ ಅಲೆಯುವಾಗ ಅವನ ಮನೆ ಎಂದರೆ ಕತ್ತೆ ಎಳೆಯುವ ಎರಡು ಚಕ್ರದ ಗಾಡಿ. ಅದರೊಳಗೆ ಒಂದು ಸೀಮೆಎಣ್ಣೆ ಒಲೆ, ಒಂದಿಷ್ಟು ದಿನಸಿ, ಒಂದು ಬಕೆಟ್ಟು, ಮಲಗುವ ಚೀಲ. ಅಷ್ಟಿದ್ದರೆ ಸಾಕು, ಎಲ್ಲಿ ಕತ್ತಲಾಯಿತೋ ಅಲ್ಲೇ ಊಟ, ಅಲ್ಲೇ ನಿದ್ದೆ. ಮುಂದೆ ಈತ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ, ಪತ್ರಿಕೆ ಪ್ರಕಟಿಸುವ ವ್ಯವಹಾರಕ್ಕಿಳಿದ. ಆದರೆ ಆ ಕತ್ತೆಗಾಡಿ ತಲೆಯಿಂದ ಇಳಿಯಲಿಲ್ಲವೆಂದು ಕಾಣುತ್ತದೆ.

1929ರ ಸುಮಾರಿಗೆ ಬಯಮ್ ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಅಡಿಗಟ್ಟೊಂದನ್ನು ಕೊಂಡು, ಅದರ ಮೇಲೆ ಹಲಗೆ ಹಾಸಿ, ಕಾರಿಗೆ ಕಟ್ಟಿ ಎಳೆದುಕೊಂಡು ಹೋದ. ತಂಗುವ ಜಾಗ ಬಂದೊಡನೆ ಹಲಗೆಯ ಮೇಲೆ ಡೇರೆ ಎಬ್ಬಿಸಬೇಕು. ಮಳೆ ಬಂದರಂತೂ ಡೇರೆ ಎಬ್ಬಿಸುವಷ್ಟರಲ್ಲಿ ಹಾಸಿಗೆಯೇ ತೊಯ್ದಿರುತ್ತಿತ್ತು. ಹೆಂಡತಿ ಮೇರಿಯನ್ ಬೇಸತ್ತು ಒತ್ತಾಯಿಸಿದ್ದರಿಂದ ಬಯಮ್ ಡೇರೆಯನ್ನು ಕಿತ್ತೆಸೆದು, ಅದೇ ಹಲಗೆಯ ಮೇಲೆ ಹನಿಯಾಕಾರದ ಗಟ್ಟಿ ಗೂಡೊಂದನ್ನು ಕಟ್ಟಿದ. ಒಳಗೆ ಪುಟ್ಟ ಐಸ್ ಪೆಟ್ಟಿಗೆ, ಸೀಮೆಎಣ್ಣೆ ಒಲೆ. ನೂರು ಡಾಲರಿನಲ್ಲಿ ಇಂಥದನ್ನು ಕಟ್ಟುವುದು ಹೇಗೆಂದು ಒಂದು ಲೇಖನವನ್ನೂ ಬರೆದ. ಓದಿದವರು ಸುಮ್ಮನಿರಲಿಲ್ಲ, ಅಳತೆ ಸಹಿತ ನಕ್ಷೆ ಕೊಡಿ ಎಂದು ಕಾಗದ ಬರೆದರು. ಬಯಮ್ ಒಂದು ಡಾಲರಿಗೆ ಒಂದರಂತೆ ನಕ್ಷೆ ಮಾರಲು ಶುರುಮಾಡಿದ. ಏರ್‌ಸ್ಟ್ರೀಮ್ ಕಂಪನಿಯ ಹುಟ್ಟು ಹೀಗೆ. 1936ರಲ್ಲಿ ಅದು ಹೊರತಂದ, ಅಲ್ಯೂಮಿನಿಯಂ ತಗಡಿನ ಹೊಳೆಯುವ ‘ಕ್ಲಿಪರ್’ ಗಾಡಿಯ ಚಿತ್ರವನ್ನು ನೋಡದ ಅಮೆರಿಕನ್ನರು ಕಡಿಮೆ.

ಕಂಪನಿಯ ಕಥೆ ಅಲ್ಲಿಗಿರಲಿ. ಇಲ್ಲಿ ನೋಡಬೇಕಾದದ್ದು ಆ ಒಂದು ಡಾಲರಿನ ನಕ್ಷೆಯನ್ನು. ಮನೆಯ ಹಿತ್ತಲಲ್ಲಿ, ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ಇಬ್ಬರು ಮಲಗುವಷ್ಟು ಗೂಡನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ 1930ರ ದಶಕದಲ್ಲಿ ಬೇರೂರಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪಿನ ಚಕ್ರ, ಅಲ್ಯೂಮಿನಿಯಂ ತಗಡು ಸುಲಭವಾಗಿ ಸಿಗತೊಡಗಿ ಹವ್ಯಾಸ ಇನ್ನಷ್ಟು ಬೆಳೆಯಿತು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಎಂಬ ಮಾಸಪತ್ರಿಕೆ ಇಂಥ ಗಾಡಿಯ ನಕ್ಷೆ ಅಚ್ಚು ಹಾಕಿತು. ಇಂದಿಗೂ ಹವ್ಯಾಸಿಗಳು ಅದನ್ನು ಮುಂದಿಟ್ಟುಕೊಂಡು ಮರ ಕೊಯ್ಯುತ್ತಾರೆ. 50, 60ರ ದಶಕಗಳಲ್ಲಿ ಮೋಟೆಲುಗಳೂ ದೊಡ್ಡ ಗಾಡಿಗಳೂ ಬಂದು ಈ ಪುಟ್ಟ ಗೂಡು ಮೂಲೆಗೆ ಬಿತ್ತು. 90ರ ದಶಕದಲ್ಲಿ ಮತ್ತೆ ಎದ್ದು ಬಂತು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ಟಿಯರ್‌ಡ್ರಾಪ್, ಅಂದರೆ ಕಣ್ಣೀರ ಹನಿ. ಮುಂದೆ ದುಂಡು, ಹಿಂದೆ ಇಳಿಜಾರು.

ಗೂಡಿನ ಅಳತೆಯನ್ನು ನಿರ್ಧರಿಸಿದ್ದು ಯಾವ ಎಂಜಿನಿಯರನೂ ಅಲ್ಲ, ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಾಳೆ. ಅದು ಎಂಟಡಿ ಉದ್ದ, ನಾಲ್ಕಡಿ ಅಗಲ. ಹಾಳೆಯನ್ನು ಅಡ್ಡಲಾಗಿ ನಿಲ್ಲಿಸಿದರೆ ಒಂದು ಪಕ್ಕದ ಗೋಡೆ. ಇನ್ನೊಂದು ನಿಲ್ಲಿಸಿದರೆ ಮತ್ತೊಂದು ಗೋಡೆ. ಮೂರನೆಯದನ್ನು ಮಲಗಿಸಿದರೆ ನೆಲ. ಹೀಗೆ ಬರುವ ಗೂಡಿನಲ್ಲಿ ನಿಲ್ಲುವಂತಿಲ್ಲ, ಕೂರಬಹುದು, ಮಲಗಬಹುದು. ಹಿಂದಿನ ಒಂದೂವರೆ ಎರಡು ಅಡಿ ಅಡುಗೆಗೆ. ಅಲ್ಲಿ ಬೆನ್ನಿನ ಮುಚ್ಚಳ ಮೇಲಕ್ಕೆತ್ತಿ, ಹೊರಗೆ ನಿಂತೇ ಒಲೆ ಹಚ್ಚಬೇಕು. ಒಳಗೆ ಮಲಗಿದವರ ಪಾದಗಳು ಅಡುಗೆಯ ಕಪಾಟಿನ ಕೆಳಗೆ ತೂರಿಕೊಳ್ಳುತ್ತವೆ. ಜಾಗ ಉಳಿಸುವ ಈ ಲೆಕ್ಕಾಚಾರ ನೋಡಿದರೆ ರೈಲಿನ ಸ್ಲೀಪರ್ ಬೋಗಿಯವರೂ ತಲೆದೂಗಬೇಕು.

ಒಲೆ ಹೊರಗಿರುವುದು ಜಾಗದ ಮಾತಷ್ಟೇ ಅಲ್ಲ. ಇಷ್ಟು ಚಿಕ್ಕ ಮುಚ್ಚಿದ ಗೂಡಿನಲ್ಲಿ ಇದ್ದಿಲನ್ನೋ ಗ್ಯಾಸನ್ನೋ ಉರಿಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕೆಂಡದ ಬಾಣಲೆ ಒಳಗಿಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಹೋದ ಪ್ರಸಂಗಗಳು ಎಲ್ಲ ದೇಶಗಳಲ್ಲೂ ಇವೆ. ಇನ್ನು ಇಬ್ಬರ ಉಸಿರಿನಿಂದಲೇ ಒಂದು ರಾತ್ರಿಗೆ ಒಂದು ಲೋಟಕ್ಕೂ ಹೆಚ್ಚು ನೀರು ಆವಿಯಾಗಿ ಹೊರಬೀಳುತ್ತದೆ. ಗಾಳಿಗೆ ದಾರಿ ಇಲ್ಲದಿದ್ದರೆ ಅದು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ ಹಾಸಿಗೆಗೆ ಇಳಿಯುತ್ತದೆ. ಆದ್ದರಿಂದ ಚಾವಣಿಯಲ್ಲಿ ಒಂದು ಗವಾಕ್ಷಿ, ಬಾಗಿಲಿನಲ್ಲಿ ಒಂದು ಕಿಟಕಿ ಬೇಕೇ ಬೇಕು.

ಹನಿಯ ಬಾಗು ಬರೆಯುವುದು ಮಕ್ಕಳಿಗೆ ಹಿಡಿಸುವ ಕೆಲಸ. ಗೋಡೆಯ ಹಾಳೆಯ ಮೇಲೆ ಅಲ್ಲಲ್ಲಿ ಮೊಳೆ ಹೊಡೆದು, ತೆಳು ಪಟ್ಟಿಯೊಂದನ್ನು ಅವುಗಳಿಗೆ ತಾಗಿಸಿ ಬಾಗಿಸಿದರೆ ತಾನಾಗಿ ಒಂದು ಹಿತವಾದ ರೇಖೆ ಮೂಡುತ್ತದೆ. ದೋಣಿ ಕಟ್ಟುವವರೂ ಬಾಗು ಬರೆಯುವುದು ಹೀಗೆಯೇ. ಎರಡೂ ಹಾಳೆಗಳನ್ನು ಒಂದರ ಮೇಲೊಂದು ಬಿಗಿದು ಒಟ್ಟಿಗೇ ಕೊಯ್ದರೆ ಎಡ ಬಲ ಗೋಡೆಗಳು ಒಂದೇ ಸಮ ಬರುತ್ತವೆ. ಬೇರೆ ಬೇರೆ ಕೊಯ್ದವರು ಚಾವಣಿ ಹೊದಿಸುವಾಗ ತಲೆ ಕೆರೆದುಕೊಳ್ಳುತ್ತಾರೆ.

ಚಾವಣಿಯ ಬಾಗಿಗೆ ಪ್ಲೈವುಡ್ ಬಗ್ಗಿಸುವುದರಲ್ಲಿ ಒಂದು ಒಳ್ಳೆಯ ಪಾಠವಿದೆ. ಹಲಗೆಯ ಬಿರುಸು ಅದರ ದಪ್ಪದ ಘನಕ್ಕೆ ಅನುಗುಣ. ಅಂದರೆ 6 ಮಿಲಿಮೀಟರಿನ ಹಾಳೆ 3 ಮಿಲಿಮೀಟರಿನದಕ್ಕಿಂತ ಎರಡು ಪಟ್ಟಲ್ಲ, ಎಂಟು ಪಟ್ಟು ಬಿರುಸು. ಆರರ ಹಾಳೆಯನ್ನು ಬಗ್ಗಿಸಲು ಹೋದರೆ ಪಟ್ಟನೆ ಸೀಳುತ್ತದೆ. ಮೂರರದನ್ನು ಎರಡು ತೆಗೆದುಕೊಂಡು, ನಡುವೆ ಅಂಟು ಬಳಿದು, ಒಂದರ ಮೇಲೊಂದು ಬಗ್ಗಿಸಿ ಕಟ್ಟಿ ಒಣಗಲು ಬಿಟ್ಟರೆ ಎರಡೂ ಸುಲಭವಾಗಿ ಬಾಗುತ್ತವೆ. ಅಂಟು ಹಿಡಿದ ಮೇಲೆ ಅವು ಒಂದೇ ಹಾಳೆಯಾಗಿ, ಎಂಟು ಪಟ್ಟು ಬಿರುಸಾಗಿ, ಬಾಗನ್ನು ಹಾಗೆಯೇ ಹಿಡಿದು ನಿಲ್ಲುತ್ತವೆ. ಹತ್ತನೇ ತರಗತಿಯವರು ಐಸ್‌ಕ್ರೀಮ್ ಕಡ್ಡಿಗಳಲ್ಲಿ ಇದನ್ನು ಮಾಡಿ ನೋಡಬಹುದು.

ಹನಿಯಾಕಾರದಿಂದ ಗಾಳಿಯ ತಡೆ ಬಹಳ ಕಡಿಮೆಯಾಗುತ್ತದೆ ಎನ್ನುವ ಮಾತನ್ನು ಮಾತ್ರ ಅರ್ಧ ನಂಬಬೇಕು. ನಿಜವಾಗಿ ಗಾಳಿಯನ್ನು ಸೀಳುವ ಆಕಾರಕ್ಕೆ ಉದ್ದನೆಯ ಬಾಲ ಬೇಕು. ಎಂಟಡಿಯ ಮೊಟಕು ಗೂಡಿಗೆ ಅಂಥ ಬಾಲವೆಲ್ಲಿ? ಕಾರು, ರೈಲುಗಳೆಲ್ಲ ನುಣುಪು ಬಾಗಿನವಾಗಬೇಕೆಂಬ 30ರ ದಶಕದ ಶೋಕಿಯೂ ಈ ಆಕಾರದಲ್ಲಿ ಸೇರಿಕೊಂಡಿದೆ. ತಗ್ಗಾಗಿ, ಕಾರಿನ ಬೆನ್ನ ಮರೆಯಲ್ಲಿ ಸಾಗುವುದೇ ಅದರ ದೊಡ್ಡ ಲಾಭ.

ಈಗ ಪ್ರಾಣದ ಪ್ರಶ್ನೆಗೆ ಬರೋಣ. ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರದ ವಿಷಯ ಹೇಳಿಕೊಡಬೇಕಿಲ್ಲ. ಹೇರು ಹಿಂದಕ್ಕೆ ಜಾರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಜಾರಿದರೆ ನೊಗ ಹೆಗಲನ್ನು ಜಜ್ಜುತ್ತದೆ. ಹದ ಎಂದರೆ ಮುಂದಕ್ಕೆ ಒಂದಿಷ್ಟು ಭಾರ. ಕಾರಿನ ಹಿಂದಿನ ಗೂಡಿಗೂ ಇದೇ ನಿಯಮ. ಅಮೆರಿಕದ ಹವ್ಯಾಸಿಗಳು ಪಾಲಿಸುವ ಲೆಕ್ಕದಂತೆ ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂತಿರಬೇಕು. ಎತ್ತಿನ ಗಾಡಿಯಲ್ಲಿ ತಪ್ಪಾದರೆ ಎತ್ತು ನಿಲ್ಲುತ್ತದೆ. ಕಾರಿನಲ್ಲಿ ತಪ್ಪಾದರೆ ಕಾರು ನಿಲ್ಲುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹಿಂದಿನ ಗೂಡು ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ, ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಕೊನೆಗೆ ಕಾರನ್ನೂ ಎಳೆದುಕೊಂಡು ಮಗುಚುತ್ತದೆ.

ಲೆಕ್ಕ ಕಷ್ಟದ್ದಲ್ಲ, ಸನ್ನೆಕೋಲಿನ ಪಾಠ ಓದಿದ್ದರೆ ಸಾಕು. ಗೂಡಿನ ತೂಕ 500 ಕಿಲೋ, ಕೊಂಡಿಯಿಂದ ಅಚ್ಚಿಗೆ ಎರಡೂವರೆ ಮೀಟರ್, ಗುರುತ್ವ ಕೇಂದ್ರ ಅಚ್ಚಿನಿಂದ 30 ಸೆಂಟಿಮೀಟರ್ ಮುಂದೆ ಎನ್ನಿ. 500ನ್ನು 0.3ರಿಂದ ಗುಣಿಸಿ 2.5ರಿಂದ ಭಾಗಿಸಿದರೆ ಕೊಂಡಿಯ ಮೇಲೆ 60 ಕಿಲೋ. ನೂರಕ್ಕೆ 12, ಸರಿಯಾಗಿದೆ. ಹೊರಡುವ ಬೆಳಗ್ಗೆ ಯಾರೋ 40 ಲೀಟರಿನ ನೀರಿನ ಕ್ಯಾನನ್ನು ಅಡುಗೆಯ ಜಾಗದಲ್ಲಿ, ಅಚ್ಚಿನಿಂದ ಒಂದು ಮೀಟರ್ ಹಿಂದೆ, ಇಟ್ಟರು. ಕೊಂಡಿಯ ಮೇಲಿನ ಭಾರ 16 ಕಿಲೋ ಇಳಿದು 44 ಆಯಿತು. ಒಟ್ಟು ತೂಕ 540, ಅಂದರೆ ನೂರಕ್ಕೆ ಎಂಟು. ಅದರ ಹಿಂದೆಯೇ, ಅಚ್ಚಿನಿಂದ 1.2 ಮೀಟರ್ ದೂರದಲ್ಲಿ, 25 ಕಿಲೋದ ಐಸ್ ಪೆಟ್ಟಿಗೆ ಬಂತು. ಉಳಿದದ್ದು 32 ಕಿಲೋ, ನೂರಕ್ಕೆ ಆರೂ ಇಲ್ಲ. ಹಗ್ಗ ಹರಿದಿಲ್ಲ, ಮೊಳೆ ಸಡಿಲವಾಗಿಲ್ಲ, ನೋಡಲು ಗೂಡು ನಿನ್ನೆಯಂತೆಯೇ ಇದೆ. ಆದರೆ ನಿನ್ನೆ ಸುರಕ್ಷಿತವಾಗಿದ್ದದ್ದು ಇಂದು ಅಪಾಯಕಾರಿ. ಅದೇ ನೀರಿನ ಕ್ಯಾನನ್ನು ಅಚ್ಚಿನ ಮುಂದೆ ಒಂದು ಮೀಟರ್ ದೂರದಲ್ಲಿಟ್ಟು, ಐಸ್ ಪೆಟ್ಟಿಗೆಯನ್ನು ಕಾರಿನೊಳಗೆ ಹಾಕಿಕೊಂಡಿದ್ದರೆ ಕೊಂಡಿಯ ಮೇಲೆ 76 ಕಿಲೋ, ನೂರಕ್ಕೆ 14.

ತೂಗಲು ದೊಡ್ಡ ಯಂತ್ರವೇನೂ ಬೇಡ. ಸಾಮಾನೆಲ್ಲ ತುಂಬಿದ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಒದೆಗಲ್ಲು ಕೊಟ್ಟು, ಮನುಷ್ಯರು ತೂಕ ನೋಡಿಕೊಳ್ಳುವ ತಕ್ಕಡಿಯ ಮೇಲೆ ಮರದ ತುಂಡಿಟ್ಟು ಕೊಂಡಿಯನ್ನು ಅದರ ಮೇಲೆ ಕೂರಿಸಿದರೆ ಆಯಿತು. ಕೊಂಡಿಯ ಎತ್ತರ ಕಾರಿಗೆ ಕಟ್ಟಿದಾಗ ಇರುವಷ್ಟೇ ಇರಬೇಕು. ಮನೆಯಲ್ಲೇ ನೋಡಬೇಕೆಂದರೆ ಆಟಿಕೆಯ ಕಾರಿಗೆ ಎರಡು ಚಕ್ರದ ಪುಟ್ಟ ಗಾಡಿ ಕಟ್ಟಿ, ಓಡುವ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಹಿಡಿದು, ಗಾಡಿಯ ಭಾರವನ್ನು ಹಿಂದೆ ಮುಂದೆ ಸರಿಸಬಹುದು. ಭಾರ ಮುಂದಿದ್ದಾಗ ಬೆರಳಿನಿಂದ ತಟ್ಟಿದರೂ ಗಾಡಿ ಸರಿಯಾಗುತ್ತದೆ. ಭಾರ ಹಿಂದಾದರೆ ಒಂದೇ ತಟ್ಟಿಗೆ ಓಲಾಡಿ ಬೀಳುತ್ತದೆ. ಹತ್ತು ಪುಟ ಓದಿದ್ದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ.

ಹೀಗಾಗಿಯೇ ಬುದ್ಧಿವಂತ ಹವ್ಯಾಸಿಗಳು ಎಲ್ಲವನ್ನೂ ತಾವೇ ಮಾಡುವ ಹಟ ಹಿಡಿಯುವುದಿಲ್ಲ. ಕಬ್ಬಿಣದ ಚೌಕಟ್ಟು, ಅಚ್ಚು, ಚಕ್ರ, ಕೊಂಡಿ ಇವನ್ನು ಸಿದ್ಧವಾಗಿ ಕೊಳ್ಳುತ್ತಾರೆ, ಇಲ್ಲವೇ ಬೆಸುಗೆ ಬಲ್ಲವರಿಂದ ಮಾಡಿಸುತ್ತಾರೆ. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟುತ್ತಾರೆ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ತಾಗದೆ ಆ ತೊಟ್ಟಿಲಲ್ಲಿ ನಿಲ್ಲಲಿ ಎಂದು. ನಾಲ್ಕು ತಂತಿಯ ದೀಪಗಳನ್ನು ಅಪ್ಪನೋ ಅಮ್ಮನೋ ಕಾರಿನಲ್ಲಿ ಕೂತು ಬ್ರೇಕು ಒತ್ತುತ್ತ, ಮಕ್ಕಳು ಹಿಂದೆ ನಿಂತು ‘ಎಡ, ಬಲ’ ಕೂಗುತ್ತ ಪರೀಕ್ಷಿಸುತ್ತಾರೆ.

ಇದನ್ನೋದಿ ನಮ್ಮಲ್ಲೂ ಒಂದು ಕಟ್ಟಿ ಸಕಲೇಶಪುರಕ್ಕೆ ಎಳೆದುಕೊಂಡು ಹೋಗೋಣ ಎಂದು ಹೊರಡುವ ಮೊದಲು ತಂದೆತಾಯಿಯರು ಒಂದು ಮಾತು ಗಮನಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು. ಆದ್ದರಿಂದ ಸದ್ಯಕ್ಕೆ ರಟ್ಟಿನಲ್ಲಿ ಹತ್ತರಲ್ಲೊಂದು ಅಳತೆಯ ಮಾದರಿ ಕಟ್ಟಿ, ಅದರೊಳಗೆ ಮಣ್ಣಿನ ಗುಂಡುಗಳನ್ನಿಟ್ಟು ತೂಗಿ ನೋಡುವುದೇ ಜಾಣತನ. ಅಮೆರಿಕದಲ್ಲೂ ಈ ಕೆಲಸ ರಟ್ಟಿನಿಂದಲೇ ಶುರುವಾಗುವುದುಂಟು.

ಕಟ್ಟಿದ ಮೇಲೆ ಗೂಡಿನ ಮೊದಲ ವೈರಿ ನೀರು. ಪ್ಲೈವುಡ್ ಮುಖದಿಂದ ಅಷ್ಟಾಗಿ ನೀರು ಕುಡಿಯುವುದಿಲ್ಲ, ಅಂಚಿನಿಂದ ಕುಡಿಯುತ್ತದೆ. ಅಂಚಿಗೆಲ್ಲ ಎಪಾಕ್ಸಿಯನ್ನೋ ಬಣ್ಣವನ್ನೋ ಎರಡು ಮೂರು ಸಲ ಬಳಿಯಬೇಕು. ಸ್ಕ್ರೂ ಹಾಕುವ ಪ್ರತಿ ತೂತಿನೊಳಗೂ ಅದನ್ನು ಇಳಿಸಬೇಕು. ಎಷ್ಟು ಜಾಗ್ರತೆ ಮಾಡಿದರೂ ಹಿಂದಿನ ಮುಚ್ಚಳದ ಕೀಲಿನಲ್ಲಿ ಹನಿ ಜಿನುಗುವುದು ಈ ಗೂಡುಗಳ ಹಳೆಯ ಚಾಳಿ. ಅದಕ್ಕೇ ಬಹಳ ಮಂದಿ ಮೊದಲ ರಾತ್ರಿಯನ್ನು ಕಾಡಿನಲ್ಲಿ ಕಳೆಯುವುದಿಲ್ಲ. ಮನೆಯಂಗಳದಲ್ಲೇ ಗೂಡನ್ನು ನಿಲ್ಲಿಸಿ, ಒಬ್ಬರು ಟಾರ್ಚು ಹಿಡಿದು ಒಳಗೆ ಮಲಗುತ್ತಾರೆ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾರೆ. ಒಳಗಿದ್ದವರು ಹನಿ ಕಂಡಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗೋಡೆ ಬಡಿದು, ‘ಇಲ್ಲಿ’ ಎಂದು ಕೂಗುತ್ತಾರೆ.